ಬದುವಿನ ತಂಗಡಿ: ಬೀಜದಿಂದ ಸೊಪ್ಪಿನವರೆಗೆ



ತಂಗಡಿ ಗಿಡವನ್ನು ನೋಡದವರು ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳಲ್ಲಿ ಯಾರೂ ಇರಲಾರರು. ಗೋಮಾಳ, ಕಲ್ಲುಗುಡ್ಡ, ರಸ್ತೆಯ ಅಂಚು, ಹಳೆಯ ಕೆರೆಯ ಏರಿ, ಹೊಲದ ಬದು, ಹೀಗೆ ಯಾರೂ ನೀರು ಹಾಕದ, ಯಾರೂ ಕಾವಲಿರದ ಜಾಗವೇ ಅದರ ನೆಲೆ. ಕೆಲವರು ತಂಗಟೆ ಎನ್ನುತ್ತಾರೆ, ಕೆಲವರು ಆವರಿಕೆ ಅಥವಾ ಹೊನ್ನಾವರಿಕೆ ಎನ್ನುತ್ತಾರೆ. ದೀಪಾವಳಿಯಲ್ಲಿ ಸಗಣಿಯ ಕೆರಕಗಳಿಗೆ ಹೂ ಸಿಕ್ಕಿಸಲು ಮಕ್ಕಳು ಬುಟ್ಟಿ ಹಿಡಿದು ಹೊರಟರೆಂದರೆ ಈ ಹಳದಿ ಹೂವನ್ನು ಬಿಟ್ಟು ಬರುವುದಿಲ್ಲ. ಇಷ್ಟು ಬಲ್ಲ ಗಿಡದ ಮೇಲೆ ಒಂದು ಪಾಠವೇಕೆ ಎಂದು ನೀವು ಕೇಳಬಹುದು.

ಕಾರಣವಿದೆ. ಹಿಂದೆ ಹುಡುಕದೆಯೇ ಸಿಗುತ್ತಿದ್ದ ಈ ಗಿಡವನ್ನು ಈಗ ಹುಡುಕಿಕೊಂಡು ಹೋಗಬೇಕಾಗಿದೆ. ಗದ್ದೆ, ಹೊಲಗಳು ಅಡಿಕೆ ತೋಟಗಳಾಗುತ್ತಿರುವ ಕಡೆಗಳಲ್ಲಿ ಮೊದಲು ಹೋಗುವುದು ಬದು. ಯಂತ್ರ ಬಂದು ನೆಲವನ್ನು ಸಮ ಮಾಡುತ್ತದೆ, ಉಳಿದ ಅಂಚಿಗೆ ಕಳೆನಾಶಕ ಬೀಳುತ್ತದೆ. ತೋಟ ನೋಡಲು ಚೊಕ್ಕಟವಾಗುತ್ತದೆ, ನಿಜ. ಆಮೇಲೆ ಅದೇ ತೋಟಕ್ಕೆ ಸೊಪ್ಪು, ಗೊಬ್ಬರ ಬೇಕೆಂದು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಹಣ ಕೊಟ್ಟು ತರುತ್ತೇವೆ. ಕಿತ್ತುಹಾಕಿದ ಗಿಡವನ್ನೇ ಮತ್ತೆ ನೆಟ್ಟು ಬೆಳೆಸುವುದು ಹೇಗೆ, ಅದರಿಂದ ಎಷ್ಟನ್ನು ನಿರೀಕ್ಷಿಸಬಹುದು, ಯಾವುದನ್ನು ನಿರೀಕ್ಷಿಸಬಾರದು ಎಂಬುದನ್ನು ಇಲ್ಲಿ ನೋಡೋಣ.

ಸೊಪ್ಪಿನ ಲೆಕ್ಕ

ಶಿರಸಿ, ಸಿದ್ದಾಪುರದ ಕಡೆಯ ಅಡಿಕೆ ಬೆಳೆಗಾರರಿಗೆ ಸೊಪ್ಪಿನ ಬೆಟ್ಟವೆಂಬ ಆಸ್ತಿಯಿದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಕಾಡನ್ನು ಸೊಪ್ಪಿಗೆಂದು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದಲೂ ಅಲ್ಲಿ ನಡೆದುಬಂದಿದೆ. ನಮ್ಮ ಅರೆಮಲೆನಾಡು ಮತ್ತು ಬಯಲು ಸೀಮೆಯ ತೋಟಗಳಿಗೆ ಭದ್ರಾ ನಾಲೆಯೋ ಕೊಳವೆ ಬಾವಿಯೋ ನೀರು ಕೊಟ್ಟಿತೇ ಹೊರತು ಬೆಟ್ಟವನ್ನು ಕೊಡಲಿಲ್ಲ. ಆದರೆ ಅಡಿಕೆ ಮರದ ಹಸಿವು ಅಲ್ಲಿಗೂ ಇಲ್ಲಿಗೂ ಒಂದೇ. ಫಲ ಬಿಡುವ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್, ಅದರ ಜೊತೆಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಸಂಶೋಧನಾ ಕೇಂದ್ರಗಳ ಶಿಫಾರಸು. ರಸಗೊಬ್ಬರದ ಅಂಕಿಗಳನ್ನು ನಮ್ಮಲ್ಲಿ ಅನೇಕರು ಬಾಯಿಪಾಠ ಒಪ್ಪಿಸುತ್ತಾರೆ. ಮೊದಲಿನ ಎರಡು ಅಂಕಿಗಳನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಒಂಬತ್ತು ಅಡಿಗೆ ಒಂಬತ್ತು ಅಡಿಯ ಅಂತರದಲ್ಲಿ ಎಕರೆಗೆ ಸುಮಾರು 535 ಮರ ಕೂರುತ್ತವೆ. ಹನ್ನೆರಡರಿಂದ ಗುಣಿಸಿದರೆ 6,400 ಕಿಲೋ ಸೊಪ್ಪು, ಎಂದರೆ ಆರೂವರೆ ಟನ್ನಿಗೆ ಸ್ವಲ್ಪ ಕಡಿಮೆ. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. ಮೂರು ಅಡಿಗೊಂದರಂತೆ ಸುತ್ತಲೂ ಒಂದು ಸಾಲು ತಂಗಡಿ ನೆಟ್ಟರೆ ಸುಮಾರು 280 ಗಿಡಗಳಾದವು. ಒಂದು ಗಿಡ ವರ್ಷದ ಎರಡು ಕೊಯ್ಲಿನಲ್ಲಿ ಐದು ಕಿಲೋ ಹಸಿರು ಕೊಟ್ಟಿತೆಂದು ಲೆಕ್ಕಕ್ಕಾಗಿ ಹಿಡಿಯೋಣ. ಒಟ್ಟು 1,400 ಕಿಲೋ ಆಗುತ್ತದೆ, ಬೇಕಾದುದರಲ್ಲಿ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು. ನಿಮ್ಮ ಮಣ್ಣಿನಲ್ಲಿ ಗಿಡವೊಂದಕ್ಕೆ ಎಷ್ಟು ಸೊಪ್ಪು ಬರುತ್ತದೆಂಬುದನ್ನು ತಕ್ಕಡಿಯೇ ಹೇಳಬೇಕು. ಹತ್ತು ಗಿಡ ಕೊಯ್ದು ತೂಗಿ ನೋಡಿದರೆ ತಿಳಿಯುತ್ತದೆ.

ಆದ್ದರಿಂದ ತಂಗಡಿಯೊಂದನ್ನೇ ನಂಬಿ ತೋಟಕ್ಕೆ ಸೊಪ್ಪು ಪೂರೈಸುತ್ತೇವೆಂದು ಯಾರೂ ಭಾವಿಸಬಾರದು. ಆದರೆ ಏನೂ ಬೆಳೆಯದ ಬದುವಿನಿಂದ, ನೀರಿಲ್ಲದೆ, ಗೊಬ್ಬರವಿಲ್ಲದೆ ಐದರಲ್ಲೊಂದು ಪಾಲು ದೊರೆಯುವುದಾದರೆ ಅದನ್ನು ಸಣ್ಣದೆನ್ನಲಾಗದು.

ಗಿಡದ ಗುರುತು

ತಂಗಡಿಗೆ ಶಾಸ್ತ್ರೀಯ ಹೆಸರು ಸೆನ್ನಾ ಆರಿಕ್ಯುಲೇಟಾ. ಲಿನೇಯಸನು 1753ರಲ್ಲಿ ಇದನ್ನು ಕ್ಯಾಸಿಯಾ ಎಂಬ ಜಾತಿಗೆ ಸೇರಿಸಿದ್ದರಿಂದ ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ ಎಂದೇ ಇರುತ್ತದೆ. ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು. ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಎರಡು ಪಕ್ಕದಲ್ಲೂ ದುಂಡನೆಯ, ಕಿವಿಯಂಥ ಹಸಿರು ಪಕಳೆಗಳಿರುತ್ತವೆ. ಬೆರಳಿನಿಂದ ಮುಟ್ಟಿ ನೋಡಿದರೆ ಸ್ಪಷ್ಟವಾಗಿ ಸಿಗುತ್ತದೆ. ಎರಡನೆಯ ಗುರುತು ಕಾಯಿ. ಅದು ಚಪ್ಪಟೆ, ಒಣಗಿದಾಗ ಕಾಗದದಷ್ಟು ತೆಳು, ಒಳಗಿನ ಬೀಜಗಳ ಸಾಲು ಹೊರಗಿನಿಂದಲೇ ಕಾಣುತ್ತದೆ. ಮೂರನೆಯದು ಎಲೆಯ ದಂಟಿನ ಮೇಲೆ ಪ್ರತಿ ಜೋಡಿ ಕಿರುಎಲೆಗಳ ನಡುವೆ ನಿಂತಿರುವ ಸಣ್ಣ ಗ್ರಂಥಿ. ಈ ಮೂರೂ ಒಟ್ಟಿಗೆ ಇದ್ದರೆ ಅದು ತಂಗಡಿಯೇ.

ಇಷ್ಟು ವಿವರವಾಗಿ ಹೇಳುತ್ತಿರುವುದು ಸುಮ್ಮನೆ ಅಲ್ಲ. ಹಳದಿ ಹೂ ಬಿಡುವ ಇದರ ದಾಯಾದಿಗಳು ಅನೇಕ. ಸೀಮೆ ತಂಗಡಿ ದೊಡ್ಡ ಮರವಾಗುತ್ತದೆ, ರಸ್ತೆ ಬದಿಗೆ ಹಾಕಿರುವುದನ್ನು ಎಲ್ಲರೂ ಕಂಡಿದ್ದೇವೆ. ಅದು ಬದುವಿಗೆ ಬಂದರೆ ತೋಟದ ಬಿಸಿಲನ್ನೇ ನುಂಗುತ್ತದೆ. ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಇನ್ನೊಂದು ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ಬಂದದ್ದು. ಬಂಡೀಪುರ, ನಾಗರಹೊಳೆ, ವಯನಾಡಿನ ಕಾಡುಗಳಲ್ಲಿ ಅದು ಮೇಯುವ ಹುಲ್ಲನ್ನೂ ನಾಡ ಗಿಡಗಳನ್ನೂ ಮುಚ್ಚಿಹಾಕಿ, ಕಡಿದರೂ ಬುಡದಿಂದ ಚಿಗುರಿ ಅರಣ್ಯ ಇಲಾಖೆಗೆ ತಲೆನೋವಾಗಿದೆ. ಅದರ ಕಾಯಿ ಚಪ್ಪಟೆಯಲ್ಲ, ಕೋಲಿನಂತೆ ದುಂಡು. ನರ್ಸರಿಯಲ್ಲಿ ಹಳದಿ ಹೂವಿನ ಗಿಡ ಎಂದಷ್ಟೇ ಹೇಳಿ ಯಾರಾದರೂ ಸಸಿ ಕೊಟ್ಟರೆ ತರಬೇಡಿ. ಕಾಫಿ ತೋಟವಿರುವ ಮಲೆನಾಡಿನ ಸದಸ್ಯರಿಗೆ ಈ ಮಾತನ್ನು ಇನ್ನೂ ಒತ್ತಿ ಹೇಳುತ್ತೇವೆ. ನಿಮ್ಮ ಬೇಲಿಯ ಆಚೆಗೇ ಕಾಡಿದೆ.

ಮೂರನೆಯ ದಾಯಾದಿ ದೊಡ್ಡ ತಗಚೆ. ಮಳೆಗಾಲದಲ್ಲಿ ತಿಪ್ಪೆಯ ಸುತ್ತ, ಹಾಳು ಗೋಡೆಯ ಪಕ್ಕ ಏಳುವ, ಎಲೆ ಹಿಸುಕಿದರೆ ಕೆಟ್ಟ ವಾಸನೆ ಬರುವ ಗಿಡ. ಕಿರುಎಲೆಗಳು ನಾಲ್ಕೈದು ಜೋಡಿ ಮಾತ್ರ, ತುದಿ ಚೂಪು, ಕಾಯಿ ಸಣ್ಣಗೆ ಉದ್ದವಾಗಿ ಸ್ವಲ್ಪ ಬಾಗಿರುತ್ತದೆ. ಇದರ ಬೀಜವನ್ನು ಹುರಿದು ಪುಡಿ ಮಾಡಿ ಕಾಫಿಗೆ ಬದಲಾಗಿ ಕುಡಿಯುವ ರೂಢಿ ಹಲವು ದೇಶಗಳಲ್ಲಿ ಇತ್ತು. ಇಂಗ್ಲಿಷಿನಲ್ಲಿ ಇದಕ್ಕೆ ಕಾಫಿ ಸೆನ್ನಾ ಎಂಬ ಹೆಸರೇ ಇದೆ. ಕಾಫಿ ಬೆಳೆಯುವ ನಮಗೆ ಅಂಥ ದುರ್ಗತಿ ಬರಬೇಕಾಗಿಲ್ಲ. ಆದರೆ ಗಮನಿಸಬೇಕಾದ ಸಂಗತಿ ಬೇರೆ ಇದೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷ ವರ್ಷವೂ ಚಿಕ್ಕ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಒಂದು ಕಾಯಿಲೆಗೆ ಈ ಗಿಡದ ಕಾಯಿ ಬೀಜ ತಿಂದದ್ದೇ ಕಾರಣವೆಂದು ವೈದ್ಯರು 2007ರ ಸುಮಾರಿಗೆ ಪತ್ತೆ ಮಾಡಿದರು. ಬೀಜ ಆರಿಸಲು ಮಕ್ಕಳನ್ನು ಕಳುಹಿಸುವವರು ಮೊದಲು ಈ ಎರಡು ಕಾಯಿಗಳ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದು ತೋರಿಸಬೇಕು.

ಬೇರಿನಲ್ಲಿ ಗಂಟಿಲ್ಲ

ಕಾಯಿ ಬಿಡುವ ದ್ವಿದಳ ಗಿಡವಾದ್ದರಿಂದ ತಂಗಡಿಯೂ ಹುರುಳಿ, ಅಲಸಂದೆಯ ಹಾಗೆ ಗಾಳಿಯ ಸಾರಜನಕವನ್ನು ನೆಲಕ್ಕೆ ಇಳಿಸುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಮಳೆಗಾಲದಲ್ಲಿ ಒಂದು ಅಲಸಂದೆ ಗಿಡವನ್ನೂ ಒಂದು ಎಳೆಯ ತಂಗಡಿಯನ್ನೂ ಬೇರು ಹರಿಯದಂತೆ ಅಗೆದು ತೆಗೆದು ನೀರಿನಲ್ಲಿ ತೊಳೆದು ನೋಡಿ. ಅಲಸಂದೆಯ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ, ಒಡೆದರೆ ಒಳಗೆ ನಸುಗೆಂಪು. ತಂಗಡಿಯ ಬೇರು ನುಣ್ಣಗಿರುತ್ತದೆ. ಸೆನ್ನಾ ಜಾತಿಯ ಗಿಡಗಳಲ್ಲಿ ಈ ಗಂಟು ಕಟ್ಟುವುದಿಲ್ಲ.

ಹಾಗಾದರೆ ಅದರ ಸೊಪ್ಪಿನಲ್ಲಿರುವ ಸಾರ ಎಲ್ಲಿಂದ ಬಂತು? ಬದುವಿನ ಆಳದ ಮಣ್ಣಿನಿಂದ. ತಾಯಿಬೇರು ಕೆಳಗೆ ಇಳಿದು ಅಡಿಕೆಯ ಬೇರಿಗೆ ಎಟುಕದ ಸಾರವನ್ನು ಎಲೆಗೆ ತರುತ್ತದೆ, ನಾವು ಎಲೆಯನ್ನು ಪಾತಿಗೆ ತರುತ್ತೇವೆ. ಇದು ಗಳಿಕೆಯಲ್ಲ, ಸಾಗಣೆ. ವ್ಯವಹಾರದಲ್ಲಿ ಈ ಎರಡರ ವ್ಯತ್ಯಾಸ ತಿಳಿದವರಿಗೆ ಇಲ್ಲಿಯೂ ತಿಳಿಯಬೇಕು. ತಂಗಡಿ ಸೊಪ್ಪು ಹಾಕಿದೆನೆಂದು ಸಾರಜನಕವನ್ನು ಪೂರ್ತಿ ನಿಲ್ಲಿಸಿದರೆ ಮರ ಸೊರಗುತ್ತದೆ. ಸೊಪ್ಪಿನಿಂದ ಖಂಡಿತವಾಗಿ ಸಿಗುವುದು ಮಣ್ಣಿಗೆ ಹ್ಯೂಮಸ್, ಬೇಸಿಗೆಯಲ್ಲಿ ಪಾತಿಗೆ ಮುಚ್ಚಿಗೆ, ಎರೆಹುಳುವಿಗೆ ಆಹಾರ. ನಮ್ಮ ಕಡೆಯ ಕೆಲವು ಜಮೀನುಗಳಲ್ಲಿ ಕಾಣುವ ಚೌಳಿಗೂ ಇದು ಒಳ್ಳೆಯದು. ಚೌಳು ಗದ್ದೆಗೆ ತಂಗಡಿ ಸೊಪ್ಪು ತುಳಿಸುವುದು ದಕ್ಷಿಣ ಭಾರತದ ಹಳೆಯ ರೂಢಿ.

ಸಾರಜನಕವನ್ನು ಗಳಿಸುವ ಗಿಡ ಬೇಕಿದ್ದರೆ ಗೊಬ್ಬರದ ಗಿಡವಿದೆ, ಎಂದರೆ ಗ್ಲಿರಿಸಿಡಿಯಾ. ಅದಕ್ಕೆ ಬೇರಿನ ಗಂಟು ಉಂಟು, ಕಡ್ಡಿ ಊರಿದರೂ ಬರುತ್ತದೆ, ಸೊಪ್ಪೂ ಹೆಚ್ಚು. ಆದರೆ ನೀರಿನ ಪಸೆ ಇರುವಲ್ಲಿ ಮಾತ್ರ ಹುಲುಸಾಗಿ ಬೆಳೆಯುತ್ತದೆ, ಆಡು ಕುರಿಗಳೂ ಅದನ್ನು ಬಿಡುವುದಿಲ್ಲ. ತಂಗಡಿಗೆ ದನ, ಕುರಿ ಸುಲಭವಾಗಿ ಬಾಯಿ ಹಾಕುವುದಿಲ್ಲ. ಎಲ್ಲವನ್ನೂ ಮೇಯ್ದು ಬೋಳಾದ ಗೋಮಾಳದಲ್ಲಿ ತಂಗಡಿಯೊಂದೇ ಹೂ ಬಿಟ್ಟು ನಿಂತಿರುವ ಗುಟ್ಟು ಇದೇ. ಆದ್ದರಿಂದ ನಾಲೆಯ ಬದಿಗೆ, ಬಸಿಯುವ ನೀರು ಸಿಗುವ ಅಂಚಿಗೆ ಗೊಬ್ಬರದ ಗಿಡ. ಒಣ ಬದು, ಕಲ್ಲುಗುಪ್ಪೆ, ಊರ ದನ ಓಡಾಡುವ ದಾರಿಯ ಪಕ್ಕಕ್ಕೆ ತಂಗಡಿ. ಎರಡನ್ನೂ ಬೆಳೆಸುವವರೇ ಜಾಣರೆಂಬುದು ನಮ್ಮ ಅಭಿಪ್ರಾಯ.

ಬೀಜದ ಹದ

ಕಡ್ಡಿಯಿಂದ ತಂಗಡಿಯನ್ನು ಬೆಳೆಸಲು ಹೋಗಬೇಡಿ. ಬೇರು ಬಿಡುವುದು ಅಪರೂಪ, ಬಿಟ್ಟರೂ ತಾಯಿಬೇರು ಇಲ್ಲದ ಗಿಡ ಬೇಸಿಗೆಯನ್ನು ತಡೆಯುವುದಿಲ್ಲ. ದೊಡ್ಡ ಗಿಡವನ್ನು ಕಿತ್ತು ತಂದು ನೆಡುವುದೂ ವ್ಯರ್ಥ. ಬೀಜವೇ ದಾರಿ.

ಮಳೆಗಾಲ ಮುಗಿಯುವ ಹೊತ್ತಿಗೆ ಹೂ ಸಮೃದ್ಧವಾಗಿರುತ್ತದೆ, ಚಳಿ ಕಳೆಯುವಾಗ ಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗುತ್ತದೆ. ಅಲ್ಲಾಡಿಸಿದರೆ ಗಲಗಲ ಎನ್ನುವ ಕಾಯಿಯನ್ನು ಕೀಳಬೇಕು. ಒಂದೇ ಗಿಡದಿಂದ ಎಲ್ಲ ಬೀಜವನ್ನೂ ತೆಗೆಯದೆ ಹತ್ತಿಪ್ಪತ್ತು ಗಿಡಗಳಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಎರಡು ಮೂರು ದಿನ ಬಿಸಿಲಿಗೆ ಹಾಕಿ, ಬಡಿದು, ಮೊರದಲ್ಲಿ ಕೇರಿ. ಕಾಯಿಯೊಳಗೇ ಹುಳು ಹೊಕ್ಕು ಬೀಜಕ್ಕೆ ತೂತು ಕೊರೆದಿರುವುದು ಸಾಮಾನ್ಯ. ಅಂಥವನ್ನು ಆರಿಸಿ ಸುಟ್ಟುಬಿಡಿ. ಉಳಿದುದಕ್ಕೆ ಒಲೆಯ ಬೂದಿ ಬೆರೆಸಿ ಮಡಕೆಯಲ್ಲೋ ಡಬ್ಬಿಯಲ್ಲೋ ಇಟ್ಟರೆ ಬಿತ್ತುವವರೆಗೂ ಕೆಡುವುದಿಲ್ಲ.

ಬಿತ್ತಿದ ತಂಗಡಿ ಹುಟ್ಟಲೇ ಇಲ್ಲವೆಂದು ಹೇಳುವವರು ಬಹಳ ಮಂದಿ. ಬೀಜ ಕೆಟ್ಟದ್ದಲ್ಲ, ಅದರ ಸಿಪ್ಪೆ ಗಟ್ಟಿ. ನೀರು ಒಳಗೆ ಇಳಿಯಲಾರದಷ್ಟು ಗಟ್ಟಿ. ಕಾಡಿನಲ್ಲಿ ಬಿಸಿಲು, ಮಳೆ, ಮಣ್ಣಿನ ತಿಕ್ಕಾಟದಿಂದ ಆ ಸಿಪ್ಪೆ ಸವೆಯಲು ಒಂದೆರಡು ವರ್ಷವೇ ಹಿಡಿಯಬಹುದು. ಒಂದೇ ಮಳೆಗೆ ಎಲ್ಲ ಬೀಜವೂ ಹುಟ್ಟಿ, ಆ ಮಳೆ ಕೈಕೊಟ್ಟರೆ ವಂಶವೇ ಹೋಗುತ್ತದಲ್ಲ, ಅದಕ್ಕೆ ಗಿಡ ಮಾಡಿಕೊಂಡ ಏರ್ಪಾಡು ಇದು. ನಮಗಾದರೋ ಅಷ್ಟು ತಾಳ್ಮೆಯಿಲ್ಲ. ಒಂದು ಪಾತ್ರೆಯಲ್ಲಿ ಬೀಜದ ನಾಲ್ಕೈದು ಪಾಲು ನೀರನ್ನು ಮರಳಿಸಿ, ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಬೀಜವನ್ನು ಸುರಿದು ಹಾಗೆಯೇ ಆರಲು ಬಿಡಿ. ಒಲೆಯ ಮೇಲಿರುವಾಗಲೇ ಬೀಜ ಹಾಕಿದರೆ ಅದು ಬೆಂದುಹೋಗುತ್ತದೆ. ರಾತ್ರಿಯೆಲ್ಲ ನೆನೆಯಲಿ. ಬೆಳಿಗ್ಗೆ ನೋಡಿದರೆ ಕೆಲವು ಬೀಜ ಉಬ್ಬಿ ಎರಡರಷ್ಟಾಗಿರುತ್ತವೆ, ಕೆಲವು ಹಿಂದಿನಂತೆಯೇ ಇರುತ್ತವೆ. ಉಬ್ಬಿದ್ದನ್ನು ಅಂದೇ ಬಿತ್ತಿ. ಉಬ್ಬದಿರುವುದನ್ನು ಮತ್ತೊಮ್ಮೆ ಬಿಸಿನೀರಿಗೆ ಹಾಕಿ, ಇಲ್ಲವೆ ಒರಟು ಕಲ್ಲಿನ ಮೇಲೆ ದಪ್ಪ ಮರಳಿನೊಡನೆ ಅಂಗೈಯಿಂದ ತಿಕ್ಕಿ ಹೊಳಪು ಹೋಗಿಸಿ ನೆನೆಹಾಕಿ. ಬೀಜ ಸ್ವಲ್ಪವೇ ಇದ್ದರೆ ತಿಕ್ಕುವುದೇ ಮೇಲು, ಬೇಯುವ ಭಯವಿಲ್ಲ.

ಮೊದಲು ನೂರು ಬೀಜವನ್ನು ಹೀಗೆ ಹದಮಾಡಿ ಒದ್ದೆ ಗೋಣಿ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆಂದು ಎಣಿಸಿಕೊಳ್ಳಿ. ಎಷ್ಟು ಬೀಜ ಬೇಕೆಂಬುದು ಅದರಿಂದ ತಿಳಿಯುತ್ತದೆ.

ನೆಡುವುದು, ಕೊಯ್ಯುವುದು

ಎರಡು ವಿಧಾನಗಳಿವೆ. ಮೊದಲನೆಯದು ಮಾರ್ಚ್, ಏಪ್ರಿಲ್‌ನಲ್ಲಿ ಪ್ಲಾಸ್ಟಿಕ್ ಚೀಲಗಳಲ್ಲಿ ಸಸಿ ಮಾಡುವುದು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಗೊಬ್ಬರ ಸಾಕು. ಚೀಲಕ್ಕೆ ಎರಡು ಬೀಜ, ಅರ್ಧ ಅಂಗುಲ ಆಳ. ಹುಟ್ಟಿದ ಮೇಲೆ ಒಂದನ್ನು ಉಳಿಸಿ. ನೀರು ಮಿತವಾಗಿರಲಿ; ಅಡಿಕೆ ಸಸಿಗೆ ಹಾಕುವಂತೆ ದಿನಾ ಹೊಯ್ದರೆ ಬುಡ ಕೊಳೆಯುತ್ತದೆ. ಚಪ್ಪರದ ನೆರಳು ಮೊದಲ ಎರಡು ವಾರ ಮಾತ್ರ. ಬೇರು ಚೀಲದ ತಳದಲ್ಲಿ ಸುತ್ತಿಕೊಳ್ಳುವ ಮೊದಲೇ, ಎಂದರೆ ಎರಡು ಮೂರು ತಿಂಗಳಲ್ಲಿ ನೆಟ್ಟುಬಿಡಬೇಕು.

ಎರಡನೆಯದು ನೇರ ಬಿತ್ತನೆ. ಮೃಗಶಿರ, ಆರಿದ್ರಾ ಮಳೆಯಲ್ಲಿ ನೆಲ ನೆನೆದ ಕೂಡಲೇ ಬದುವಿನ ಮೇಲೆ ಮೂರು ಅಡಿಗೊಂದು ಕಡೆ ಮಣ್ಣು ಸಡಿಲಿಸಿ ನಾಲ್ಕೈದು ಹದವಾದ ಬೀಜ ಊರುವುದು. ಖರ್ಚಿಲ್ಲ, ಬೇರು ನೆಟ್ಟಗೆ ಇಳಿಯುತ್ತದೆ. ಆದರೆ ನಡುವೆ ಮಳೆ ಹತ್ತು ಹದಿನೈದು ದಿನ ತಡೆದರೆ ಮೊಳಕೆ ಒಣಗುತ್ತದೆ. ಆದ್ದರಿಂದ ಅರ್ಧ ಬೀಜವನ್ನು ಉಬ್ಬಿಸಿ, ಅರ್ಧವನ್ನು ಹಾಗೆಯೇ ಬೆರೆಸಿ ಊರುವುದು ಒಳ್ಳೆಯದು. ಈ ಮಳೆಗೆ ಹೋದದ್ದು ಹೋದರೂ ಮುಂದಿನದಕ್ಕೆ ನೆಲದಲ್ಲಿ ಬೀಜ ಉಳಿದಿರುತ್ತದೆ. ಜಗಳೂರಿನಂಥ ಒಣ ಕಡೆಗೆ ಈ ಉಪಾಯ ವಿಶೇಷವಾಗಿ ಹೊಂದುತ್ತದೆ.

ಮೊದಲ ವರ್ಷ ಹುಲ್ಲು ಕಿತ್ತು ಬುಡ ಬಿಡಿಸಿಕೊಡುವುದನ್ನು ಬಿಟ್ಟರೆ ಬೇರೆ ಆರೈಕೆ ಬೇಡ. ಹಸಿದ ಆಡು ಏನನ್ನಾದರೂ ಕಚ್ಚಿ ನೋಡುತ್ತದೆ, ಎಳೆಯದನ್ನು ತುಳಿಯುತ್ತದೆ; ಆ ವರ್ಷಕ್ಕೆ ಮುಳ್ಳು ಮುಚ್ಚಿದರೆ ಸಾಕು. ನೆರಳು ಮಾತ್ರ ಇದಕ್ಕೆ ಆಗದು. ಅಡಿಕೆ ಸಾಲಿನ ನಡುವೆ ಅಥವಾ ಕಾಫಿಯ ಮರಗಳ ಕೆಳಗೆ ನೆಟ್ಟರೆ ಕಡ್ಡಿಯಾಗಿ ಉಳಿದು ಸಾಯುತ್ತದೆ. ನೀರು ನಿಲ್ಲುವ ಗದ್ದೆ ಅಂಚಿನಲ್ಲೂ ಬದುಕುವುದಿಲ್ಲ. ಮಳೆ ಜೋರಾದ ಮಲೆನಾಡಿನ ಕಾಫಿ ತೋಟಗಳಿಗೆ ಇದನ್ನು ನಾವು ಹೇಳುವುದಿಲ್ಲ, ಅಲ್ಲಿಗೆ ಹಾಲುವಾಣ, ಗೊಬ್ಬರದ ಗಿಡಗಳೇ ಸರಿ.

ಎರಡನೆಯ ಮಳೆಗಾಲದಿಂದ ಕೊಯ್ಲು ಪ್ರಾರಂಭಿಸಬಹುದು. ಎರಡು ಅಡಿ ಎತ್ತರದಲ್ಲಿ ಹರಿತವಾದ ಕುಡುಗೋಲಿನಿಂದ ಓರೆಯಾಗಿ ಕತ್ತರಿಸಿದರೆ ಬುಡದಿಂದ ಐದಾರು ಚಿಗುರು ಬರುತ್ತವೆ. ಜೂನ್ ಕೊನೆಗೆ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ. ಅಡಿಕೆಗೆ ಸೊಪ್ಪು ಗೊಬ್ಬರ ಕೊಡುವ ಸೆಪ್ಟೆಂಬರ್, ಅಕ್ಟೋಬರ್ ಕಾಲಕ್ಕೆ ಇದು ಸರಿಹೊಂದುತ್ತದೆ. ಬೇಸಿಗೆಯಲ್ಲಿ ಕೊಯ್ಯಬಾರದು, ಗಿಡಕ್ಕೂ ಕಷ್ಟ, ಸೊಪ್ಪೂ ಒಣಕಲು. ಎಳೆಯ ರೆಂಬೆಯನ್ನು ಎಲೆಯೊಡನೆ ಗೇಣುದ್ದ ಕೊಚ್ಚಿ, ಬುಡದಿಂದ ಎರಡೂವರೆ ಮೂರು ಅಡಿ ದೂರದ ಪಾತಿಯಲ್ಲಿ ಹರಡಿ ಮಣ್ಣು ಮುಚ್ಚಿ. ಬಲಿತ ಕಡ್ಡಿಯನ್ನು ಪಾತಿಗೆ ಹಾಕಿದರೆ ಗೆದ್ದಲು ಬರುತ್ತದೆ. ಅದು ಒಲೆಗೆ ಇರಲಿ. ಹಲ್ಲುಜ್ಜುವ ಕಡ್ಡಿಗೆ ನಮ್ಮ ಹಿರಿಯರು ಇದನ್ನೇ ಮುರಿಯುತ್ತಿದ್ದರು.

ಐದು ಗಿಡಕ್ಕೆ ಒಂದನ್ನು ಸೆಪ್ಟೆಂಬರಿನಲ್ಲಿ ಕೊಯ್ಯದೆ ಹೂವಿಗೆ ಬಿಡಿ. ದೀಪಾವಳಿಗೂ ಆಯಿತು, ಬೀಜಕ್ಕೂ ಆಯಿತು.

ಚಕ್ಕೆ, ಹೂ ಮತ್ತು ಔಷಧಿ

ಹಿಂದೆ ತಂಗಡಿಯ ಬೆಲೆ ಇದ್ದದ್ದು ಚಕ್ಕೆಯಲ್ಲಿ. ಅದರಲ್ಲಿ ನೂರಕ್ಕೆ 15ರಿಂದ 20ರಷ್ಟು ಟ್ಯಾನಿನ್ ಇರುವುದರಿಂದ ಚರ್ಮ ಹದಮಾಡುವವರು ಗಾಡಿಗಟ್ಟಲೆ ಕೊಳ್ಳುತ್ತಿದ್ದರು. ಮದರಾಸು ಪ್ರಾಂತ್ಯದಿಂದ ವಿಲಾಯತಿಗೆ ಹೋಗುತ್ತಿದ್ದ ಹದಮಾಡಿದ ಚರ್ಮದಲ್ಲಿ ಈ ಚಕ್ಕೆಯ ಪಾಲು ದೊಡ್ಡದು. ಇದರಿಂದ ಹದವಾದ ಚರ್ಮ ತಿಳಿಬಣ್ಣದ್ದು, ಬೆಳಕಿಗೆ ಬಿದ್ದರೆ ಕೆಂಪೇರುತ್ತದೆ. ಅದನ್ನು ತಡೆಯಲು ಅಳಲೆಕಾಯಿ ಬಳಸುತ್ತಿದ್ದರು. ವ್ಯಾಟಲ್ ಚಕ್ಕೆ, ಆಮೇಲೆ ಕ್ರೋಮ್ ಬಂದು ಆ ವ್ಯಾಪಾರ ಬಹುಮಟ್ಟಿಗೆ ಇಳಿದುಹೋಯಿತು. ಈಗಲೂ ಯಾರಾದರೂ ಚಕ್ಕೆ ಕೇಳಿಕೊಂಡು ಬಂದರೆ ನಿಂತ ಗಿಡದ ಸಿಪ್ಪೆ ಸುಲಿಯಲು ಬಿಡಬೇಡಿ. ಕೊಯ್ದ ಬಲಿತ ಕೊಂಬೆಯಿಂದ ತೆಗೆದುಕೊಳ್ಳಲಿ, ಬುಡ ಮತ್ತೆ ಚಿಗುರುತ್ತದೆ.

ಜೇನುಪೆಟ್ಟಿಗೆ ಇಟ್ಟಿರುವವರಿಗೆ ಒಂದು ಮಾತು. ತಂಗಡಿ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ ಇರುತ್ತದೆ. ಮರ ಕೊರೆಯುವ ಕಪ್ಪು ದುಂಬಿ ಬಂದು ಹೂವನ್ನು ಹಿಡಿದು ಗುಂಯ್ ಎಂದು ನಡುಗಿಸಿದರೆ ಪರಾಗ ಉದುರುತ್ತದೆ. ಜೇನು ತುಪ್ಪಕ್ಕೆ ಇದನ್ನು ನಂಬಬೇಡಿ. ಆದರೆ ಆ ದುಂಬಿಗಳು ನಿಮ್ಮ ಹಿತ್ತಿಲಿನ ಬದನೆ, ಟೊಮ್ಯಾಟೊ ಹೂಗಳಿಗೂ ಬೇಕಾದವು.

ನೆರೆಯ ತೆಲಂಗಾಣ ರಾಜ್ಯ 2014ರಲ್ಲಿ ರಚನೆಯಾದಾಗ ತಂಗೇಡನ್ನೇ ರಾಜ್ಯದ ಹೂವಾಗಿ ಆರಿಸಿಕೊಂಡಿತು. ಬತುಕಮ್ಮ ಹಬ್ಬದ ಹೂಗೋಪುರಕ್ಕೆ ಅದಿಲ್ಲದೆ ನಡೆಯದು. ಶ್ರೀಲಂಕಾದ ಒಣ ಕರಾವಳಿಯಲ್ಲಿ ಇದೇ ಗಿಡ ರಣವರಾ ಎಂಬ ಹೆಸರಿನಲ್ಲಿ ಬೆಳೆದಿದೆ, ಹೂ ಒಣಗಿಸಿ ಚಹದಂತೆ ಕಾಯಿಸಿ ಕುಡಿಯುತ್ತಾರೆ. ತಮಿಳುನಾಡಿನಲ್ಲೂ ಆವಾರಂಪೂ ಪುಡಿ ಅಂಗಡಿಯಲ್ಲಿ ದೊರೆಯುತ್ತದೆ. ಸಕ್ಕರೆ ಕಾಯಿಲೆಗೆ ಇದು ದಿವ್ಯೌಷಧಿ ಎಂಬ ಪ್ರಚಾರ ನಮ್ಮ ಕಡೆಗೂ ಬಂದಿರುವುದರಿಂದ ಎರಡು ಮಾತು ಹೇಳಬೇಕಾಗಿದೆ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ರಕ್ತದ ಸಕ್ಕರೆ ಇಳಿದದ್ದು ಉಂಟು. ಆದರೆ 1981ರಲ್ಲಿ ಶ್ರೀಲಂಕಾದ ವಿಜ್ಞಾನಿಗಳು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಯಕೃತ್ತಿಗೆ ಹಾನಿ ಮಾಡಬಲ್ಲ ಕ್ಷಾರಾಂಶಗಳಿರುವ ಮನೆಮದ್ದಿನ ಗಿಡಗಳ ಪಟ್ಟಿಯಲ್ಲಿ ಇದೂ ಇತ್ತು. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ತಂಗಡಿ ಕಷಾಯ ಹಿಡಿಯಬೇಡಿ. ದಿನವೂ ಕುಡಿಯುವ ಅಭ್ಯಾಸವಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ. ಬಸುರಿಯರಿಗೂ ಮಕ್ಕಳಿಗೂ ಕೊಡಲೇಬೇಡಿ.

ಬೀಜ ಬೇಕಾದ ಸದಸ್ಯರು ಈ ಚಳಿಗಾಲದಲ್ಲೇ ತಮ್ಮ ಊರ ಗೋಮಾಳ, ಗುಡ್ಡಗಳಲ್ಲಿ ಒಳ್ಳೆಯ ಗಿಡಗಳನ್ನು ಗುರುತಿಸಿ ಒಂದು ಚಿಂದಿ ಕಟ್ಟಿ ಬರಲಿ. ಕಾಯಿ ಕಂದಾಗುವ ವೇಳೆಗೆ ಹೂ ಇರುವುದಿಲ್ಲ, ದೂರದಿಂದ ಯಾವ ಗಿಡವೆಂದು ತಿಳಿಯುವುದಿಲ್ಲ. ಬೆಂಕಿ ಬೀಳುವ ಗುಡ್ಡವಾದರೆ ಫೆಬ್ರವರಿಗೆ ಮುಂಚೆಯೇ ಕಾಯಿ ಕಿತ್ತು ತನ್ನಿ.